ಅಗ್ರಿ ಓದಿದ ಹುಡುಗಿಗೆ ಪಟ್ಟಿ ಓದಲು ಬರಲಿಲ್ಲ, ತಪ್ಪು ಯಾರದು?

ಹಡಪ್ಸರ್ ಹುಡುಗ

ನಮಸ್ಕಾರ ಎಲ್ಲರಿಗೂ. ದೀಪಾವಳಿ ಮುಗಿದ ಮೇಲೆ ಅಣ್ಣನ ಮಗಳು ನಾಲ್ಕು ದಿನ ಪುಣೆಗೆ ಬಂದಿದ್ದಳು. ಬಿಎಸ್ಸಿ ಅಗ್ರಿ, ಕೊನೆಯ ವರ್ಷ. ಕರ್ನಾಟಕದ ಒಂದು ಕಾಲೇಜು, ಹೆಸರು ಬೇಡ. ಒಳ್ಳೆ ಮಾರ್ಕ್ಸ್ ಇದೆ. ಚಿನ್ನದ ಪದಕ ಬರುತ್ತದೆ ಅಂತ ಅಣ್ಣ ನವಲಗುಂದದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದಾನೆ.

ಅದೇ ವಾರ ಅಣ್ಣ 62 ಚೀಲ ಈರುಳ್ಳಿಯನ್ನು ಪುಣೆಯ ಗುಲ್ಟೇಕ್ಡಿ ಮಾರ್ಕೆಟ್ ಯಾರ್ಡಿಗೆ ಕಳಿಸಿದ್ದ. ದಲಾಲರು ಪಟ್ಟಿಯನ್ನು, ಅಂದರೆ ಮಾರಾಟದ ಲೆಕ್ಕದ ಚೀಟಿಯನ್ನು, ನನ್ನ ವಾಟ್ಸಾಪಿಗೆ ಹಾಕಿದರು. ನಾನು ಸುಮ್ನೆ ಅವಳ ಕೈಗೆ ಫೋನ್ ಕೊಟ್ಟು ಕೇಳಿದೆ, ನಿಮ್ಮಪ್ಪನಿಗೆ ಕಿಲೋಗೆ ಎಷ್ಟು ಬಿತ್ತು ಹೇಳು ಅಂತ. ಅವಳು ಐದು ನಿಮಿಷ ನೋಡಿದಳು. ಹಮಾಲಿ, ತೋಲಾಯಿ, ವಾರಾಯಿ, ಮೋಟಾರ್ ಭಾಡೆ ಅಂತ ಹೊರುವ, ತೂಗುವ ಕೂಲಿ, ಲಾರಿ ಬಾಡಿಗೆಯಂಥ ಖರ್ಚುಗಳು, ಒಂದೂ ಗೊತ್ತಿಲ್ಲ. ಮರಾಠಿಯಲ್ಲಿ ಇದೆ, ಅದಕ್ಕೆ ಅಂದಳು. ಅದು ನೆಪ. ಕನ್ನಡದಲ್ಲಿದ್ದರೂ ಅಷ್ಟೇ ಆಗುತ್ತಿತ್ತು.

ಲೆಕ್ಕ ದೊಡ್ಡದೇನಲ್ಲ. 50 ಕಿಲೋ ಚೀಲ. 30 ಚೀಲ 18 ರೂಪಾಯಿಗೆ ಹೋಗಿತ್ತು, 20 ಚೀಲ 14ಕ್ಕೆ, ಸಣ್ಣ ಗಡ್ಡೆಯ 12 ಚೀಲ 7ಕ್ಕೆ. ಒಟ್ಟು 45,200. ಲಾರಿ ಬಾಡಿಗೆ ಚೀಲಕ್ಕೆ 100ರಂತೆ 6,200. ಉಳಿದ ಖರ್ಚು 900. ಕೈಗೆ 38,100, ಅಂದರೆ ಕಿಲೋಗೆ 12 ರೂಪಾಯಿ 30 ಪೈಸೆ. ಅಣ್ಣ ಊರಲ್ಲಿ "ನನ್ನ ಮಾಲು ಪುಣೆಯಲ್ಲಿ ಹದಿನೆಂಟಕ್ಕೆ ಹೋಯಿತು" ಅಂತ ಹೇಳಿಕೊಂಡಿದ್ದ. ಅವನಿಗೂ ಈ ಲೆಕ್ಕ ಗೊತ್ತಿಲ್ಲ, ಓದಿದ ಮಗಳಿಗೂ ಗೊತ್ತಿಲ್ಲ!

ಬೆಲೆ ಏರಿದರೆ ಬೇಡಿಕೆ ಎಷ್ಟು ಇಳಿಯುತ್ತದೆ ಅನ್ನುವುದನ್ನು ಮಾತ್ರ ಅವಳು ಗ್ರಾಫ್ ಹಾಕಿ ಚೆನ್ನಾಗಿ ವಿವರಿಸಿದಳು. ಈಗ ಎಂಬಿಎ ಅಗ್ರಿಬಿಸಿನೆಸ್ ಮಾಡುತ್ತೇನೆ ಅನ್ನುತ್ತಾಳೆ. ಧಾರವಾಡ, ಬೆಂಗಳೂರು ಎರಡೂ ಕಡೆ ಇದೆ, ಇಲ್ಲಿ ಪುಣೆಯ ವೈಕುಂಠ ಮೆಹ್ತಾ ಸಂಸ್ಥೆಯಲ್ಲಿ, ಹೈದರಾಬಾದಿನ ಮ್ಯಾನೇಜ್ ಸಂಸ್ಥೆಯಲ್ಲಿ ಅದೇ ಥರದ ಪಿಜಿ ಡಿಪ್ಲೊಮಾ ಇದೆ. ನನ್ನ ಪ್ರಶ್ನೆ ಬೇರೆ. ನಾಲ್ಕು ವರ್ಷದ ಡಿಗ್ರಿಯಲ್ಲಿ ಕಲಿಯದ್ದನ್ನು ಇನ್ನೆರಡು ವರ್ಷ ದುಡ್ಡು ಕೊಟ್ಟು ಯಾಕೆ ಕಲಿಯಬೇಕು?

ವಾಶಿ ಗಾಳಾ

ಅಣ್ಣ, ನಗು ಬಂತು, ಬೇಜಾರೂ ಆಯಿತು. ನಾನು ನವಿ ಮುಂಬೈನ ವಾಶಿ ಹಣ್ಣಿನ ಮಾರ್ಕೆಟ್ಟಿನಲ್ಲಿ ಒಂದು ಗಾಳೆಯ, ಅಂದರೆ ಮಳಿಗೆಯ, ಲೆಕ್ಕ ಬರೆಯುವವನು, 22 ವರ್ಷ ಆಯಿತು. ನಮ್ಮಲ್ಲಿಗೆ ಕೃಷಿ ಕಾಲೇಜುಗಳ ಟೂರ್ ಬಸ್ ಬರುತ್ತವೆ. ಯಾವಾಗ ಗೊತ್ತಾ? ಬೆಳಿಗ್ಗೆ 11ಕ್ಕೆ. ತರಕಾರಿ ಮಾರ್ಕೆಟ್ಟಿನ ವ್ಯಾಪಾರ ನಸುಕಿಗೇ ಮುಗಿದು ಕಸ ಗುಡಿಸುತ್ತಿರುತ್ತಾರೆ. ಮಕ್ಕಳು ಗೇಟಿನ ಮುಂದೆ ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡು, ಅಲ್ಲಿಂದ ಸೀದಾ ಗೇಟ್‌ವೇಗೆ.

ಅವರು ಏಪ್ರಿಲ್‌ನಲ್ಲಿ ಬರಬೇಕು, ರಾತ್ರಿ ಬರಬೇಕು. ನಮ್ಮ ಧಾರವಾಡ ಕಡೆಯ ಆಪೂಸ್ ಮಾವು ಲಾರಿಗಟ್ಟಲೆ ಬರುತ್ತದೆ, ಇಲ್ಲಿ ಅದಕ್ಕೆ "ಕರ್ನಾಟಕ ಹಾಪೂಸ್" ಅನ್ನುತ್ತಾರೆ. ರತ್ನಾಗಿರಿ, ದೇವಗಡದ ಹಣ್ಣಿಗಿಂತ ರೇಟು ಯಾವಾಗಲೂ ಕಡಿಮೆ. ಆಮೇಲೆ ಅದೇ ಹಣ್ಣು ಮಾರ್ಕೆಟ್ ದಾಟಿ ದೇವಗಡದ ಪೆಟ್ಟಿಗೆಯಲ್ಲಿ ಕೂತು ದಾದರ್, ಪಾರ್ಲೆಯಲ್ಲಿ ದೇವಗಡದ ರೇಟಿಗೇ ಹೋಗುತ್ತದೆ. ಇದು ಪ್ರತಿ ಸೀಸನ್ನಿನಲ್ಲಿ ಪೇಪರಿನಲ್ಲಿ ಬರುವ ಸುದ್ದಿ, ಹೊಸದೇನಲ್ಲ. 2018ರಲ್ಲಿ ಕೊಂಕಣದವರು ಹಾಪೂಸ್‌ಗೆ ಜಿಐ, ಅಂದರೆ ಊರಿನ ಹೆಸರಿನ ಮೇಲಿನ ಹಕ್ಕು, ತಗೊಂಡರು. ಒಳ್ಳೆಯದೇ ಮಾಡಿದರು, ಅವರ ಹಣ್ಣು, ಅವರ ಹಕ್ಕು. ಆದರೆ ನಮ್ಮ ಆಪೂಸ್ ತನ್ನ ಹೆಸರಿನಲ್ಲೇ ಹೇಗೆ ಮಾರಾಟ ಆಗಬೇಕು ಅಂತ ಕೂತು ಯೋಚಿಸಿದವರು ಯಾರು? ನಮ್ಮ ರೈತ ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆ ಕೊಟ್ಟು ಕೈ ತೊಳೆದುಕೊಂಡಿರುತ್ತಾನೆ. ಪೆಟ್ಟಿಗೆ, ಹುಲ್ಲು, ಗ್ರೇಡು, ಹೆಸರು ಎಲ್ಲ ಗುತ್ತಿಗೆದಾರನದು.

ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ ಬಂತು, ಖುಷಿ. ಈಗ ಅದನ್ನು ಮುಂಬೈ ತನಕ ಕೊಳೆಯದೆ ತರುವುದು ಹೇಗೆ, ಯಾರಿಗೆ ಮಾರುವುದು? ಈ ಒಂದು ಹಣ್ಣಿನ ಮೇಲೆ ನಾಲ್ಕು ಬ್ಯಾಚ್ ಹುಡುಗರು ಕೆಲಸ ಮಾಡಬಹುದು.

ಮೇಷ್ಟ್ರು, ಕೋಥ್ರೂಡ್

ನಾನು ಕೃಷಿ ವಿಶ್ವವಿದ್ಯಾಲಯದಲ್ಲಿ 26 ವರ್ಷ ಕೃಷಿ ಮಾರುಕಟ್ಟೆ ವಿಷಯ ಪಾಠ ಮಾಡಿದವನು. ನಿವೃತ್ತನಾಗಿ ಮಗನ ಮನೆಯಲ್ಲಿದ್ದೇನೆ. ಬೈಗುಳಕ್ಕೆ ಮೊದಲು ಸ್ವಲ್ಪ ಕೇಳಿ.

ಪಾಠಪಟ್ಟಿ ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ಐಸಿಎಆರ್, ಅಂದರೆ ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಡೀನ್‌ಗಳ ಸಮಿತಿ ಹಾಕಿದ ಚೌಕಟ್ಟು ಅದು. ಐದನೇ ಸಮಿತಿಯ ಪ್ರಕಾರ ಮಾರುಕಟ್ಟೆ, ಸಾಲ ಮತ್ತು ಸಹಕಾರ, ಫಾರ್ಮ್ ಮ್ಯಾನೇಜ್‌ಮೆಂಟ್, ಉದ್ಯಮಶೀಲತೆ ಎಲ್ಲ ಸೇರಿದರೂ ನಾಲ್ಕು ವರ್ಷದಲ್ಲಿ ಬೆರಳೆಣಿಕೆಯ ಕ್ರೆಡಿಟ್. ಏಳನೇ ಸೆಮಿಸ್ಟರ್ ರಾವೆ, ಅಂದರೆ ಹಳ್ಳಿಗೆ ಹೋಗಿ ಕೃಷಿ ಕೆಲಸದ ಅನುಭವ ಪಡೆಯುವುದು. ಅದರಲ್ಲಿ ಹಳ್ಳಿಯಲ್ಲಿ 8 ವಾರ, ಸಂಶೋಧನಾ ಕೇಂದ್ರದಲ್ಲಿ 5 ವಾರ, ಸಸ್ಯ ಚಿಕಿತ್ಸಾಲಯ 2 ವಾರ, ಕಂಪನಿಯಲ್ಲಿ 3 ವಾರ. ಕಂಪನಿಯ 3 ವಾರದಲ್ಲಿ ಮೊದಲ ವಾರ ಪರಿಚಯ, ಕೊನೆಯ ವಾರ ಸರ್ಟಿಫಿಕೇಟು. ನಡುವಿನ ಒಂದು ವಾರ ಏನು ಕಲಿಯುತ್ತಾರೆ ನೀವೇ ಹೇಳಿ.

ಎಂಟನೇ ಸೆಮಿಸ್ಟರಿನಲ್ಲಿ ವಿದ್ಯಾರ್ಥಿಗಳೇ ಒಂದು ಘಟಕ ನಡೆಸಬೇಕು. ಅಣಬೆ, ಎರೆಗೊಬ್ಬರ, ನರ್ಸರಿ, ಜೇನು ಇತ್ಯಾದಿ. ಕಾಗದದ ಮೇಲೆ ಇದು ಬಹಳ ಒಳ್ಳೆಯ ಯೋಜನೆ, ಲಾಭದಲ್ಲಿ ಮಕ್ಕಳಿಗೂ ಪಾಲಿದೆ. ಆದರೆ ಮಾರುವುದು ಯಾರಿಗೆ? ಸ್ಟಾಫ್ ಕ್ವಾರ್ಟರ್ಸಿಗೆ. ಅಣಬೆ ಪ್ಯಾಕೆಟ್ ಹಿಡಿದು ಬಂದ ವಿದ್ಯಾರ್ಥಿಗೆ ಪ್ರೊಫೆಸರ್ ಹೆಂಡತಿ ಬೇಡ ಅನ್ನುತ್ತಾರೆಯೇ? ನಾನೇ ವಾರಕ್ಕೆ ಮೂರು ಪ್ಯಾಕೆಟ್ ಕೊಂಡಿದ್ದೇನೆ. ನಮ್ಮ ಮನೆಯಲ್ಲಿ ಅಣಬೆ ತಿನ್ನುವವರೇ ಇರಲಿಲ್ಲ.

ಇನ್ನೊಂದು ಮಾತು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಲಾಭ ಹಂಚಲು ನಿಯಮ ಇದೆ. ನಷ್ಟ ಆದರೆ? ಆಡಿಟ್‌ನವರು ಪ್ಯಾರಾ ಬರೆಯುತ್ತಾರೆ, ಮೇಷ್ಟ್ರು ಉತ್ತರ ಕೊಡುತ್ತಾ ಕೂರಬೇಕು. ಹಾಗಾಗಿ ನಷ್ಟ ಆಗುವ ಯಾವುದಕ್ಕೂ ನಾವು ಕೈ ಹಾಕುವುದಿಲ್ಲ. ಒಂದು ವರ್ಷ ನನ್ನ ಹುಡುಗರು ಟೊಮೆಟೊ ಕೊಂಡು, ಗ್ರೇಡ್ ಮಾಡಿ, ಬೇರೆ ಊರಿಗೆ ಕಳಿಸುತ್ತೇವೆ ಅಂದರು. 20 ಸಾವಿರ ಸಾಕು ಸರ್ ಅಂದರು. ನಾನು ಒಪ್ಪಲಿಲ್ಲ. ಟೊಮೆಟೊ ರೇಟು ಬಿದ್ದರೆ ನನ್ನ ಪಿಂಚಣಿ ಫೈಲು ನಿಲ್ಲುತ್ತದೆ ಅಂತ ಭಯ. ಈಗ ಅನಿಸುತ್ತದೆ, ಅವರು 20 ಸಾವಿರ ಕಳೆದುಕೊಂಡಿದ್ದರೆ ನನ್ನ ಒಂದು ವರ್ಷದ ಪಾಠಕ್ಕಿಂತ ಜಾಸ್ತಿ ಕಲಿಯುತ್ತಿದ್ದರು.

ಮಾಟುಂಗಾ ಇಡ್ಲಿ

ಮೇಷ್ಟ್ರೇ, ಇಷ್ಟು ನೇರವಾಗಿ ಒಪ್ಪಿಕೊಂಡಿರಲ್ಲ, ನಮ್ಮ ಹೋಟೆಲಿಗೆ ಬಂದರೆ ಕಾಫಿ ನನ್ನ ಲೆಕ್ಕದಲ್ಲಿ.

ನಾನು ಕೊಳ್ಳುವವನ ಕಡೆಯಿಂದ ಹೇಳುತ್ತೇನೆ. ನಮಗೆ ದಿನಾ ಸಾಂಬಾರ್ ಈರುಳ್ಳಿ, ಕರಿಬೇವು, ತೆಂಗಿನಕಾಯಿ, ಬ್ಯಾಡಗಿ ಮೆಣಸು ಬೇಕು. ಹಿಂದಿನ ವರ್ಷ ಒಂದು ರೈತ ಕಂಪನಿಯಿಂದ ಇಬ್ಬರು ಹುಡುಗರು ಬಂದರು. ಅಗ್ರಿ ಓದಿದವರು, ಪಾಪ ಒಳ್ಳೆ ಮಕ್ಕಳು. ಲ್ಯಾಪ್‌ಟಾಪ್ ತೆಗೆದು ಹದಿನೈದು ಸ್ಲೈಡ್ ತೋರಿಸಿದರು. ಹೊಲದಿಂದ ಊಟದ ತಟ್ಟೆಗೆ, ಮಧ್ಯವರ್ತಿ ಇಲ್ಲ, ಹಾಗೆ ಹೀಗೆ. ನಾನು ಮೂರು ಪ್ರಶ್ನೆ ಕೇಳಿದೆ ಮಾರಾಯ್ರೆ. ಬೆಳಿಗ್ಗೆ ಐದಕ್ಕೆ ಮಾಲು ಬರುತ್ತದಾ? ಮಳೆ ಬಂದು ಲಾರಿ ನಿಂತ ದಿನ ಏನು ಮಾಡುತ್ತೀರಿ? 15 ದಿನ ಉದ್ರಿ ಕೊಡುತ್ತೀರಾ? ಮೂರನೆಯದಕ್ಕೆ ಒಬ್ಬ ಹುಡುಗ "ಉದ್ರಿ ಅಂದರೆ?" ಅಂತ ಕೇಳಿದ. ಅಲ್ಲಿಗೆ ಮುಗಿಯಿತು.

ಉದ್ರಿ ಅಂದರೆ ಮಾಲು ಈಗ, ದುಡ್ಡು ಆಮೇಲೆ. ಇಡೀ ಮುಂಬೈ ಉದ್ರಿಯ ಮೇಲೆ ನಡೆಯುತ್ತದೆ. ನಾನು ವ್ಯಾಪಾರಿಗೆ 15 ದಿನ, ವ್ಯಾಪಾರಿ ದಲಾಲನಿಗೆ ಒಂದು ವಾರ. ರೈತನಿಗೆ ಮಾತ್ರ ದಲಾಲ ಕೂಡಲೇ ಕೊಡಬೇಕು, ಕೆಲವು ಸಲ ಬಿತ್ತನೆಗೆ ಮೊದಲೇ ಮುಂಗಡ. ಆ ಹುಡುಗರ ಪುಸ್ತಕದಲ್ಲಿ ದಲಾಲ ಅಂದರೆ ಖಳನಾಯಕ.

ವಾಶಿ ಗಾಳಾ

ಮಾಟುಂಗಾದ ಶೆಟ್ಟರೇ, ಸರಿಯಾಗಿ ಹೇಳಿದಿರಿ. ದಲಾಲನೂ ಸಾಚಾ ಅಲ್ಲ, ಒಳಗಿನವನಾಗಿ ನಾನೇ ಹೇಳುತ್ತೇನೆ. ರುಮಾಲಿನ ಕೆಳಗೆ ಬೆರಳು ಹಿಡಿದು ರೇಟು ಮಾಡುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ಏನೂ ತಿಳಿಯುವುದಿಲ್ಲ. ನಮ್ಮ ಊರ ಕಡೆ ಬಿಲ್ಲಿನ ಬದಲು ಬಿಳಿ ಚೀಟಿ ಕೊಡುವುದು, ಸೂಟು ಅಂತ ತೂಕ ಮುರಿಯುವುದು, ಎಲ್ಲ ಇದೆ. 2016ರಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು ತರಕಾರಿಯ ಅಡತ್ ಅನ್ನು, ಅಂದರೆ ದಲಾಲನ ಕಮಿಷನ್ ಅನ್ನು, ರೈತನಿಂದ ಹಿಡಿಯಬಾರದು, ಕೊಳ್ಳುವವನಿಂದ ತಗೋಬೇಕು ಅಂತ ಮಾಡಿತು. ಆಗ ಮಾರ್ಕೆಟ್ ಬಂದ್ ಆಯಿತು, ಗಲಾಟೆ ಆಯಿತು. ಎಷ್ಟು ಕೃಷಿ ಕಾಲೇಜಿನಲ್ಲಿ ಈ ಕಥೆ ಪಾಠ ಮಾಡಿದ್ದಾರೆ? ಒಂದು ನಿಯಮ ಬದಲಾದರೆ ಯಾರ ಜೇಬಿನಿಂದ ಯಾರ ಜೇಬಿಗೆ ದುಡ್ಡು ಹೋಯಿತು ಅಂತ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

ತಳಿ ತಜ್ಞೆ

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಕೃಷಿ ವಿಶ್ವವಿದ್ಯಾಲಯ ದಲಾಲರನ್ನು ತಯಾರು ಮಾಡುವ ಅಂಗಡಿಯಾ? ಡಿಸಿಎಚ್-32 ಹತ್ತಿ ಧಾರವಾಡದ ಸಂಶೋಧನೆಯಿಂದ ಬಂತು, ಮಾರ್ಕೆಟ್ ಯಾರ್ಡಿನಿಂದ ಅಲ್ಲ. ರೋಗ, ಕೀಟ, ಮಣ್ಣು, ತಳಿ ಇವನ್ನು ಕಲಿಯಲು ನಾಲ್ಕು ವರ್ಷ ಸಾಲುವುದಿಲ್ಲ. ಎಲ್ಲರಿಗೂ ವ್ಯಾಪಾರ ತುರುಕಿದರೆ ಮುಂದಿನ ತಳಿ ಯಾರು ಮಾಡುತ್ತಾರೆ?

ಹಡಪ್ಸರ್ ಹುಡುಗ

ಮೇಡಂ, ನಿಮ್ಮ ಮಾತಿನಲ್ಲಿ ಅರ್ಧ ಒಪ್ಪುತ್ತೇನೆ. ಆದರೆ ನಾನು ದ್ರಾಕ್ಷಿ ಪ್ಯಾಕ್‌ಹೌಸಿನಲ್ಲಿ ಕ್ವಾಲಿಟಿ ನೋಡುವವನು. ವಿಜ್ಞಾನ ಒಂದು ಕಡೆ, ವ್ಯಾಪಾರ ಇನ್ನೊಂದು ಕಡೆ ಅಂತ ನನ್ನ ಕೆಲಸದಲ್ಲಿ ಒಂದು ದಿನವೂ ಅನಿಸಿಲ್ಲ.

2010 ನೆನಪಿದೆಯಾ? ಯುರೋಪಿಗೆ ಹೋದ ನಮ್ಮ ದ್ರಾಕ್ಷಿಯಲ್ಲಿ ಕ್ಲೋರ್ಮೆಕ್ವಾಟ್ ಅಂಶ ಮಿತಿಗಿಂತ ಹೆಚ್ಚು ಸಿಕ್ಕಿ ಮಾಲು ಅಲ್ಲೇ ನಿಂತುಬಿಟ್ಟಿತು. ರೈತರು ಅದನ್ನು ಸಿಸಿಸಿ ಅನ್ನುತ್ತಾರೆ, ಬಳ್ಳಿಯ ಬೆಳವಣಿಗೆ ತಡೆದು ಕಾಯಿ ಕಟ್ಟಲಿ ಅಂತ ಹೊಡೆಯುತ್ತಾರೆ. ಹೊಡೆಯಿರಿ ಅಂದವನೂ ಅಗ್ರಿ ಓದಿದವನೇ. ಬಳ್ಳಿಗೆ ಏನಾಗುತ್ತದೆ ಅನ್ನುವುದು ಅವನಿಗೆ ಗೊತ್ತಿತ್ತು. ಕೊಳ್ಳುವ ದೇಶ ಅದನ್ನು ಅಳೆಯುತ್ತದೆ, ಎಷ್ಟರ ಮೇಲೆ ಬೇಡ ಅನ್ನುತ್ತದೆ ಅನ್ನುವುದು ಗೊತ್ತಿರಲಿಲ್ಲ. ಕೃಷಿ ರಫ್ತು ನೋಡಿಕೊಳ್ಳುವ ಅಪೇಡಾ ಸಂಸ್ಥೆ ರಫ್ತಿನ ದ್ರಾಕ್ಷಿಯ ಮೇಲೆ ಕಣ್ಣಿಡಲು ಮಾಡಿದ ಗ್ರೇಪ್‌ನೆಟ್ ಆಗಲೇ ಇತ್ತು, ಮಾಂಜರಿಯಲ್ಲಿ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವೂ ಇತ್ತು. ಆದರೂ ಆಯಿತು. ಸಾಲ ಮಾಡಿ ತೋಟ ಮಾಡಿದವರು ಎಷ್ಟೋ ವರ್ಷ ಅದರಿಂದ ಏಳಲಿಲ್ಲ.

ಕೀಟನಾಶಕದ ಪಾಠ ಮಾಡುವಾಗಲೇ ಕೊನೆಯ ಹತ್ತು ನಿಮಿಷ "ಈ ಔಷಧಿ ಹೊಡೆದರೆ ಈ ಮಾಲು ಎಲ್ಲಿ ಮಾರಾಟ ಆಗುತ್ತದೆ, ಎಲ್ಲಿ ಆಗುವುದಿಲ್ಲ" ಅಂತ ಹೇಳಿದರೆ ಸಾಕು. ಬೇರೆ ಪೇಪರ್ ಬೇಡ.

ಸದಾಶಿವ ಪೇಠೆ, ಮೂರನೇ ಮಹಡಿ

ನಾನು ಬಿಎಸ್ಸಿ ಅಗ್ರಿ ಮುಗಿಸಿ ಈಗ ಪುಣೆಯಲ್ಲಿ ಬ್ಯಾಂಕ್ ಫೀಲ್ಡ್ ಆಫೀಸರ್ ಪರೀಕ್ಷೆಗೆ ಓದುತ್ತಿದ್ದೇನೆ. ಈ ಪೇಠೆಯಲ್ಲಿ ಕಲ್ಲು ಎಸೆದರೆ ಪರೀಕ್ಷೆಗೆ ಓದುವವನ ತಲೆಗೇ ಬೀಳುತ್ತದೆ, ಅದರಲ್ಲಿ ಅಗ್ರಿಯವರೂ ಕಡಿಮೆ ಇಲ್ಲ.

ಇದಕ್ಕೆ ಮೊದಲು ಎಂಟು ತಿಂಗಳು ಒಂದು ರೈತ ಕಂಪನಿಗೆ ಸಿಇಒ ಆಗಿದ್ದೆ. ನಗಬೇಡಿ, ವಿಸಿಟಿಂಗ್ ಕಾರ್ಡ್ ಕೂಡ ಇತ್ತು. 2020ರಲ್ಲಿ ಕೇಂದ್ರದವರು 10,000 ಎಫ್‌ಪಿಒ, ಅಂದರೆ ರೈತ ಉತ್ಪಾದಕ ಸಂಸ್ಥೆಗಳ ಯೋಜನೆ ತಂದರಲ್ಲ, ಅದರಲ್ಲಿ ಮೂರು ವರ್ಷಕ್ಕೆ ಒಂದು ಕಂಪನಿಗೆ 18 ಲಕ್ಷದವರೆಗೆ ಸಹಾಯ ಇತ್ತು. ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರು ಬೇಕಿತ್ತು. ಅಗ್ರಿ ಓದಿದವರಿಗೆ ಇದಕ್ಕಿಂತ ಹೊಂದುವ ಕೆಲಸ ಇಲ್ಲ ಅಂತ ಹೋದೆ. ಮೊದಲ ವಾರವೇ ತಿಳಿಯಿತು, ನನಗೆ ಏನೂ ಗೊತ್ತಿಲ್ಲ. ಸಭೆಯ ನಡಾವಳಿ ಬರೆಯಲು ಬರಲಿಲ್ಲ. ವರ್ಷಕ್ಕೊಮ್ಮೆ ಕಂಪನಿ ರಿಟರ್ನ್ ಸಲ್ಲಿಸದಿದ್ದರೆ ದಂಡ ಬೀಳುತ್ತದೆ ಅಂತ ದಂಡ ಬಿದ್ದ ಮೇಲೆ ತಿಳಿಯಿತು. ಗೊಬ್ಬರಕ್ಕೆ ಒಂದು ಜಿಎಸ್‌ಟಿ, ಔಷಧಿಗೆ ಇನ್ನೊಂದು. ಟ್ಯಾಲಿ ಕಲಿಯಲು ರಾತ್ರಿ ಕ್ಲಾಸಿಗೆ ಹೋದೆ, ಅಲ್ಲಿ ನನ್ನ ಪಕ್ಕ ಪಿಯುಸಿ ಹುಡುಗರು. ಜೊತೆಗೆ ಅಧ್ಯಕ್ಷರ ತಮ್ಮನ ಅಂಗಡಿಯಿಂದಲೇ ಬೀಜ ಕೊಳ್ಳಬೇಕು ಅನ್ನುವ ಒತ್ತಡ. ಸಂಬಳ ಮೂರು ತಿಂಗಳಿಗೊಮ್ಮೆ. ಬಿಟ್ಟು ಬಂದೆ.

ಒಂದು ತಮಾಷೆ ಹೇಳಲಾ? ಕರ್ನಾಟಕದಲ್ಲಿ ಕೃಷಿಕರ ಕೋಟಾದಲ್ಲಿ ಸೀಟು ಬೇಕಾದರೆ ಪ್ರಾಯೋಗಿಕ ಪರೀಕ್ಷೆ ಇದೆ. ಬೀಜ, ಬೆಳೆ, ಉಪಕರಣ ಗುರುತಿಸಬೇಕು. ಒಳಗೆ ಹೋಗಲು ಬೀಜ ಗುರುತಿಸಿದೆ. ಹೊರಗೆ ಬರುವಾಗ ಪಟ್ಟಿ ಓದು ಅಂತ ಯಾರೂ ಕೇಳಲಿಲ್ಲ.

ಮಡಗಾಂವ್ ಬಾಯಿ

ಗೋವಾದಿಂದ ಎರಡು ಮಾತು. ನಾನು ಬೆಳಗಾವಿಯವಳು, ಇಲ್ಲಿ ಸಣ್ಣ ಹೋಟೆಲುಗಳಿಗೆ ತರಕಾರಿ ಹಾಕುತ್ತೇನೆ. ಗೋವಾ ತಿನ್ನುವ ತರಕಾರಿಯಲ್ಲಿ ಬಹುಪಾಲು ನಮ್ಮ ಬೆಳಗಾವಿಯಿಂದ ಘಾಟಿ ಇಳಿದು ಬರುತ್ತದೆ. ಇಲ್ಲಿನ ತೋಟಗಾರಿಕೆ ನಿಗಮವೇ ಅಲ್ಲಿಂದ ತರಿಸಿ ಸಬ್ಸಿಡಿ ರೇಟಿಗೆ ಮಾರುತ್ತದೆ. ಇಷ್ಟು ಹತ್ತಿರದ ಇಷ್ಟು ಖಾತ್ರಿ ಮಾರುಕಟ್ಟೆ ಬೆಳಗಾವಿ, ಧಾರವಾಡದ ಕಾಲೇಜು ಮಕ್ಕಳ ಪ್ರಾಜೆಕ್ಟಿನಲ್ಲಿ ಇದೆಯಾ? ನನ್ನ ಬಳಿ ಇವತ್ತಿನ ತನಕ ಒಬ್ಬ ವಿದ್ಯಾರ್ಥಿಯೂ ಬಂದು "ಅಕ್ಕಾ, ಡಿಸೆಂಬರ್‌ನಲ್ಲಿ ನಿಮಗೆ ಏನು ಜಾಸ್ತಿ ಬೇಕು?" ಅಂತ ಕೇಳಿಲ್ಲ. ಮಳೆಗಾಲದಲ್ಲಿ ಚೋರ್ಲಾ ಘಾಟಿಯಲ್ಲಿ ಮರ ಬಿದ್ದರೆ ನನ್ನ ಕೊತ್ತಂಬರಿ ಅರ್ಧ ಹಳದಿ ಆಗಿರುತ್ತದೆ. ಅದನ್ನು ತಡೆಯುವುದು ಹೇಗೆ ಅಂತ ಯಾರಾದರೂ ಕಲಿತು ಬಂದು ಹೇಳಿದರೆ ನಾನು ದುಡ್ಡು ಕೊಡುತ್ತೇನೆ, ಖರೇ.

ಠಾಣೆ ಸಾಲ ವಿಭಾಗ

ಬ್ಯಾಂಕಿನವನು. ಅಗ್ರಿ ಓದಿದವರು ಸ್ವಂತ ಉದ್ಯಮ ಮಾಡಲಿ ಅಂತ 2002ರಿಂದ ಅಗ್ರಿ ಕ್ಲಿನಿಕ್ ಯೋಜನೆ ಇದೆ. ಮ್ಯಾನೇಜ್ ಮೂಲಕ ಉಚಿತ ತರಬೇತಿ, ಆಮೇಲೆ ಒಬ್ಬರಿಗೆ 20 ಲಕ್ಷದವರೆಗಿನ ಯೋಜನೆಗೆ 36 ಪರ್ಸೆಂಟ್ ಸಬ್ಸಿಡಿ. ಮಹಿಳೆಯರಿಗೆ, ಪರಿಶಿಷ್ಟರಿಗೆ 44. ಹುಡುಗರು ಬರುತ್ತಾರೆ, ಫೈಲ್ ದಪ್ಪ ಇರುತ್ತದೆ, ಬೇರೆ ಯಾರದೋ ಪ್ರಾಜೆಕ್ಟ್ ರಿಪೋರ್ಟಿನ ನಕಲು. ಒಮ್ಮೆ ಒಬ್ಬನ ರಿಪೋರ್ಟಿನಲ್ಲಿ ಊರಿನ ಹೆಸರನ್ನೂ ಬದಲಿಸಿರಲಿಲ್ಲ. ಮೊದಲ ಆರು ತಿಂಗಳು ವ್ಯಾಪಾರ ಇಲ್ಲದಿದ್ದರೆ ಕಂತು ಎಲ್ಲಿಂದ ಕಟ್ಟುತ್ತೀಯ ಅಂದರೆ ಮುಖ ಮುಖ ನೋಡುತ್ತಾರೆ. ಕಾಲೇಜಿನಲ್ಲಿ ಇದೊಂದು ಪ್ರಶ್ನೆಗೆ ಉತ್ತರ ಬರೆಸಿ ಸಾಕು.

ಮೇಷ್ಟ್ರು, ಕೋಥ್ರೂಡ್

ರಾತ್ರಿ ನಿದ್ದೆ ಬರಲಿಲ್ಲ, ಇದೇ ತಲೆಯಲ್ಲಿ ತಿರುಗುತ್ತಿತ್ತು. ಪಾಠಪಟ್ಟಿ ಬದಲಾಗಲು ದೆಹಲಿ ಕಡೆ ನೋಡಬೇಕು. ಆರನೇ ಡೀನ್‌ಗಳ ಸಮಿತಿ ಕೌಶಲಕ್ಕೆ ಜಾಗ ಮಾಡಿದೆ, ಅದು ಕಾಲೇಜಿನ ತನಕ ಇಳಿದು ಬರಲಿ. ಆದರೆ ರಾವೆಯ 8 ವಾರಕ್ಕೆ ಯಾರ ಅಪ್ಪಣೆಯೂ ಬೇಡ. ಈಗ ಹಳ್ಳಿಯಲ್ಲಿ ಮಕ್ಕಳು ಸಮೀಕ್ಷೆ ಮಾಡುತ್ತಾರೆ, ರಂಗೋಲಿಯಲ್ಲಿ ಊರಿನ ನಕ್ಷೆ ಬಿಡಿಸುತ್ತಾರೆ, ವಸ್ತುಪ್ರದರ್ಶನ ಮಾಡುತ್ತಾರೆ. ಜೊತೆಗೆ ಒಬ್ಬೊಬ್ಬರೂ ಒಬ್ಬ ರೈತನ ಒಂದು ಲಾಟ್ ಹಿಡಿದುಕೊಳ್ಳಲಿ. ಚೀಲ ಹೊಲಿಯುವಲ್ಲಿಂದ ಪಟ್ಟಿ ಕೈಗೆ ಬರುವ ತನಕ ಅದರ ಬೆನ್ನು ಬೀಳಲಿ. ಲಾರಿಯಲ್ಲಿ ಹೋಗಲಿ, ಅಥವಾ ಬಸ್ಸಿನಲ್ಲಿ. ವರದಿ ಬೇಡ, ಒಂದು ಪುಟದ ಲೆಕ್ಕ ಸಾಕು, ಅದೂ ಆ ರೈತನಿಗೆ ಅರ್ಥವಾಗುವ ಕನ್ನಡದಲ್ಲಿ, ಅವನು ಓದಿ ಸಹಿ ಹಾಕಬೇಕು. ಯಾರ ದುಡ್ಡೂ ಹೋಗುವುದಿಲ್ಲ, ಆಡಿಟ್‌ನವರಿಗೂ ಕೆಲಸ ಇಲ್ಲ.

ಟೊಮೆಟೊಗೆ 20 ಸಾವಿರ ಕೊಡುವ ಧೈರ್ಯ ನನಗಿರಲಿಲ್ಲ. ಹಳೆ ವಿದ್ಯಾರ್ಥಿಗಳು ಸೇರಿ ಅಂಥದ್ದೊಂದು ಮೊತ್ತವನ್ನು ಮುಳುಗಿದರೂ ಪರವಾಗಿಲ್ಲ ಅಂತ ಇಟ್ಟರೆ, ವಿಶ್ವವಿದ್ಯಾಲಯದ ಖಾತೆಗೆ ಹಾಕದೆ ಇಟ್ಟರೆ, ನನ್ನ ಪಾಲು ಮೊದಲು ಕೊಡುತ್ತೇನೆ.

ತಳಿ ತಜ್ಞೆ

ಒಂದು ಲಾಟ್ ಐಡಿಯಾ ನನಗೂ ಒಪ್ಪಿಗೆ. ಯಾವ ತಳಿ ಅಂತ ಆ ಪುಟದಲ್ಲಿ ಬರೆಸಿ ಸರ್. ನಾವು ಕ್ವಿಂಟಲ್ ಇಳುವರಿ ಹೇಳುತ್ತೇವೆ, ಯಾರ್ಡಿನಲ್ಲಿ ಯಾವ ತಳಿ 18ಕ್ಕೆ ಹೋಯಿತು, ಯಾವುದು 7ಕ್ಕೆ ಅನ್ನುವ ಮಾಹಿತಿ ನಮಗೆ ವಾಪಸ್ ಬರುವುದೇ ಇಲ್ಲ.

ಅಣ್ಣನ ಮಗಳು

ಕಾಕಾ, ನನ್ನ ಬಗ್ಗೆ ಇಷ್ಟೆಲ್ಲ ಬರೆದಿದ್ದು ನನಗೆ ಗೊತ್ತಾಗುವುದಿಲ್ಲ ಅಂದುಕೊಂಡಿರಾ? ಗೆಳತಿ ಲಿಂಕ್ ಕಳಿಸಿದಳು. ಎರಡು ದಿನ ಮಾತು ಬಿಡಬೇಕು ಅಂತಿದ್ದೆ.

ನಾನೀಗ ರಾವೆಯಲ್ಲೇ ಇದ್ದೇನೆ. ಆ ಪಟ್ಟಿ ಮತ್ತೆ ತೆಗೆದು ಕೂತೆ. ನೀವು ಸರಾಸರಿ ತೆಗೆದು ನಿಲ್ಲಿಸಿದ್ದೀರಿ, ಕಾಕಾ. ಸಣ್ಣ ಗಡ್ಡೆಯ 12 ಚೀಲ ಮಾತ್ರ ಬೇರೆ ಮಾಡಿ ನೋಡಿ. 7 ರೂಪಾಯಿಯಂತೆ ಚೀಲಕ್ಕೆ 350. ಬಾಡಿಗೆ 100 ಹೋಯಿತು, ಉಳಿದ ಖರ್ಚು ಹದಿನಾಲ್ಕೂವರೆ. ಉಳಿದದ್ದು 235 ಚಿಲ್ಲರೆ. ಅವತ್ತು ಹುಬ್ಬಳ್ಳಿಯಲ್ಲಿ ಸಣ್ಣದಕ್ಕೆ 6 ರೂಪಾಯಿ ಇತ್ತಂತೆ, ಅಪ್ಪನಿಗೆ ಫೋನ್ ಮಾಡಿ ಕೇಳಿದೆ. ಚೀಲಕ್ಕೆ 300, ಗಾಡಿ 25, ಖರ್ಚು 10 ಹಿಡಿದರೂ 265 ಕೈಗೆ ಬರುತ್ತಿತ್ತು. ಅಂದರೆ ಆ 12 ಚೀಲವನ್ನು ಪುಣೆ ತನಕ ಕಳಿಸಿ ಸುಮಾರು 350 ರೂಪಾಯಿ ಕಳೆದುಕೊಂಡೆವು. ಊರಲ್ಲೇ ಆರಿಸಿ ಬೇರೆ ಮಾಡಬೇಕಿತ್ತು. ಆರಿಸುವ ಕೂಲಿ ಎಷ್ಟಾಗುತ್ತದೆ ಅನ್ನುವುದು ಇನ್ನೂ ಹಿಡಿದಿಲ್ಲ, ಅದು 350 ದಾಟಿದರೆ ಅಪ್ಪ ಮಾಡಿದ್ದೇ ಸರಿ. ಸೋಮವಾರ ಆಳುಗಳನ್ನು ಕೇಳಿ ಬರೆಯುತ್ತೇನೆ.

ವಾಶಿ ಅಂಕಲ್, ನಾನು ಮತ್ತು ಮೂವರು ಗೆಳತಿಯರು ಬರಬಹುದಾ? 11ಕ್ಕೆ ಅಲ್ಲ.

ವಾಶಿ ಗಾಳಾ

ಬಾ ಮಗಳೇ. ಶುಕ್ರವಾರ ರಾತ್ರಿ ಎರಡೂವರೆಗೆ ಮೇನ್ ಗೇಟಿನಲ್ಲಿ ನಿಲ್ಲಿ, ನಾನು ಬರುತ್ತೇನೆ. ಚಪ್ಪಲಿ ಬೇಡ, ಬೂಟು ಹಾಕಿಕೊಳ್ಳಿ, ನೆಲ ಎಲ್ಲ ಒದ್ದೆ. ಹಮಾಲರು "ಬಾಜೂ, ಬಾಜೂ" ಅಂದರೆ ಕೂಡಲೇ ಪಕ್ಕಕ್ಕೆ ಸರಿಯಬೇಕು, ಅವರು ನಿಲ್ಲುವುದಿಲ್ಲ.

ಮಾಟುಂಗಾ ಇಡ್ಲಿ

ಮುಗಿಸಿಕೊಂಡು ಆರೂವರೆಗೆ ಇಲ್ಲಿಗೆ ಬನ್ನಿ, ತಿಂಡಿ ನನ್ನದು. ಸಾಂಬಾರ್ ಈರುಳ್ಳಿಗೆ ನಾನು ಕೊಡುವ ರೇಟಿನ ಪುಸ್ತಕ ತೋರಿಸುತ್ತೇನೆ. ಉದ್ರಿ ಪುಸ್ತಕವೂ.